ಎಂಜಿನ್ ಸದ್ದು ಸರಿಯಾಗಿದೆ

ಜನವರಿ 9

ಮೇಸ್ತ್ರಿಗಳಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಾನು ಮಾತ್ರ ಮಹಡಿಯ ಕಿಟಕಿಯಿಂದ ನಿಮ್ಮ ಬೋಳು ತಲೆಯನ್ನು ಎಷ್ಟೋ ಭಾನುವಾರ ನೋಡಿದ್ದೇನೆ. ಈ ಮಾತಿಗೆ ಕ್ಷಮೆಯಿರಲಿ. ಮೇಲಿನಿಂದ ಕಾಣುತ್ತಿದ್ದದ್ದು ಅದೊಂದೇ. ನಮ್ಮ ಹಿತ್ತಲಿನ ಷೆಡ್ಡಿನಲ್ಲಿರುವ ಬೂದು ಬಣ್ಣದ ಎರಡು ಸೀಟಿನ ಕಾರನ್ನು ನೀವು ಮರೆತಿರಲಾರಿರಿ. ಅದರ ಎಂಜಿನ್ ಪಕ್ಕದಲ್ಲಿ ನೀವು ತಂತಿಯಿಂದ ಕಟ್ಟಿದ ಚೀಟಿ ಇನ್ನೂ ಇದೆ. ‘ಆಯಿಲ್ ಬದಲಾಯಿಸಿದೆ. ಮುಂದಿನದನ್ನು ತಪ್ಪಿಸಬೇಡಿ’ ಎಂದು ಬರೆದು, ಕೆಳಗೆ ವರ್ಕ್‌ಶಾಪಿನ ಮುದ್ರೆ ಒತ್ತಿದ್ದೀರಿ. ಅಲ್ಲಿ ಹೋಗಿ ವಿಚಾರಿಸಿದೆ. “ಫೋನ್ ನಂಬರ್ ಯಾಕಮ್ಮ, ಅವರು ಫೋನ್ ಎತ್ತಲ್ಲ. ಕಾಗದ ಬರೀರಿ, ಖಂಡಿತ ಉತ್ತರ ಬರುತ್ತೆ” ಎಂದು ಈ ವಿಳಾಸ ಕೊಟ್ಟರು.

ಅಪ್ಪ ಕಳೆದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆಪರೇಷನ್ ಕೋಣೆಯಲ್ಲಿ ಜನರಿಗೆ ಅರಿವಳಿಕೆ ಕೊಡುವುದು ಅವರ ಕೆಲಸವಾಗಿತ್ತು. ಮನೆಯಲ್ಲಿಯೂ ಎಲ್ಲಿ ಯಾರಿಗೆ ಎಚ್ಚರವಾದೀತೋ ಎಂಬಂತೆ ಇರುತ್ತಿದ್ದರು. ನನ್ನ ಹತ್ತನೆಯ ವಯಸ್ಸಿನಲ್ಲಿ ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಇದ್ದವರು ನಾವಿಬ್ಬರೇ. ಪ್ರತಿ ಭಾನುವಾರ ತಿಂಡಿ ಮುಗಿದ ಕೂಡಲೇ ಅವರು ಷೆಡ್ಡಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ನೀವು ಬರುತ್ತಿದ್ದಿರಿ. ನನ್ನನ್ನು ಒಂದು ದಿನವೂ ಒಳಗೆ ಕರೆದವರಲ್ಲ.

ಕಂಪನಿಯ ಷೋರೂಮಿನವರು ಲಾರಿ ಕಳಿಸಿ ಕಾರನ್ನು ಒಯ್ದು ಸರ್ವಿಸ್ ಮಾಡಿಕೊಡುತ್ತೇವೆ ಎಂದರು. ಬೇಡ ಎಂದೆ. ನನಗೆ ಕಾರಿನ ಹುಚ್ಚಿಲ್ಲ. ಆ ಬಾಗಿಲಿನೊಳಗೆ ಅಪ್ಪನಿಗೆ ಏನೋ ಸಿಗುತ್ತಿತ್ತು, ಅದು ಮನೆಯೊಳಗೆ ಸಿಗುತ್ತಿರಲಿಲ್ಲ. ಅದೇನು ಎಂದು ತಿಳಿಯಬೇಕು. ಅವರು ಮಾಡುತ್ತಿದ್ದ ಕೆಲಸವನ್ನೆಲ್ಲ ನನ್ನ ಕೈಯಿಂದಲೇ ಮಾಡಿದರೆ ತಿಳಿದೀತೇನೋ. ನಾಲ್ಕು ವರ್ಷದಿಂದ ಕೃತಕ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈ ನಡುಗುವುದಿಲ್ಲ. ಕಲಿಸುತ್ತೀರಾ?

ಷೆಡ್ಡಿನಲ್ಲೇ ಕುಳಿತು ಬರೆದದ್ದು,
ಡಾಕ್ಟರ ಮಗಳು


ಜನವರಿ 21

ಡಾಕ್ಟರ ಮಗಳಿಗೆ ಈ ಹಳೆಯ ಮೇಸ್ತ್ರಿಯ ತುಂಬು ಹಾರೈಕೆ.

ಡಾಕ್ಟರು ಹೋದ ಸುದ್ದಿ ಓದಿ ಪತ್ರವನ್ನು ಕೆಳಗಿಟ್ಟೆ. ಕೊನೆಯ ಸಾಲು ಓದಿ ಮತ್ತೆ ಎತ್ತಿಕೊಂಡೆ. ನಿಮ್ಮಂತಹ ಕಿರಿಯರೊಬ್ಬರು ‘ಕಲಿಸುತ್ತೀರಾ’ ಎಂದು ಬರೆದರೆ ನನ್ನಂತಹವನಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಆರು ವರ್ಷದ ಹಿಂದೆ ಕೆಲಸ ಬಿಟ್ಟು ಇಲ್ಲಿಗೆ, ಮಗಳ ಮನೆಗೆ ಬಂದೆ. ಅಲ್ಲಿಂದೀಚೆಗೆ ಡಾಕ್ಟರ ಭೇಟಿಯಾಗಲಿಲ್ಲ.

ಫೋನಿನಲ್ಲಿ ಮಾತು ಬೇಡ. ಕಾಗದವಾದರೆ ಕಾರಿನ ಕೆಳಗೆ ಮಲಗಿಕೊಂಡೂ ಓದಬಹುದು. ತೀರ ಅವಸರವಿದ್ದರೆ ನನ್ನ ಮಗಳ ನಂಬರಿಗೆ ಸಂದೇಶ ಕಳಿಸಿ, ಹಿಂಬದಿಯಲ್ಲಿ ಬರೆದಿದ್ದೇನೆ.

ಮೊದಲು ಎಣ್ಣೆ ಬದಲಾಯಿಸೋಣ. ಈ ಕಾರು ಬಹಳ ತಗ್ಗು. ಜಾಕ್ ಒಂದನ್ನೇ ನಂಬಿ ಎಂದೂ ಅದರ ಕೆಳಗೆ ಹೋಗಬೇಡಿ. ನಾಲ್ಕು ಸ್ಟ್ಯಾಂಡ್ ಇಡಿ, ಇಟ್ಟ ಮೇಲೆ ಭುಜ ಕೊಟ್ಟು ತಳ್ಳಿ ನೋಡಿ. ಅಲುಗಿದರೆ ಈಗಲೇ ಅಲುಗಲಿ. ಎಂಜಿನನ್ನು ಹತ್ತು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಅದನ್ನು ಬಸಿಯಿರಿ. ತಣ್ಣಗಿನ ಎಣ್ಣೆ ಕೊಳೆಯನ್ನು ಒಳಗೇ ಬಿಟ್ಟು ಬರುತ್ತದೆ. ಎಣ್ಣೆ ಬಸಿಯುವ ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲವೂ ಹೊಸದಿರಬೇಕು. ತಳ ಅಲ್ಯೂಮಿನಿಯಂ ಆದ್ದರಿಂದ ತೋಳಿನ ಬಲ ತೋರಿಸುವ ಜಾಗವಲ್ಲ ಅದು. ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ‘ಟಕ್’ ಎಂದೊಡನೆ ಕೈ ತೆಗೆಯಿರಿ. ಇನ್ನೊಂದು ಮಾತು: ಬೇರೆ ಕಾರಿನಂತೆ ಇದರ ಎಣ್ಣೆಯ ಮಟ್ಟವನ್ನು ಎಂಜಿನ್ ನಿಲ್ಲಿಸಿ ನೋಡುವಂತಿಲ್ಲ. ಎಣ್ಣೆ ಪಕ್ಕದ ತೊಟ್ಟಿಯಲ್ಲಿರುತ್ತದೆ. ಕಾರನ್ನು ನೆಲಕ್ಕಿಳಿಸಿ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು. ಇದು ತಿಳಿಯದೆ ಮತ್ತೆ ಮತ್ತೆ ಸುರಿದು ಕೆಡಿಸಿದವರು ಬಹಳ ಮಂದಿ.

ಆ ಬಾಗಿಲಿನೊಳಗೆ ಏನಿತ್ತು ಎಂದು ಬರೆದಿದ್ದೀರಿ. ನೀವೇ ಇದ್ದಿರಿ! ಡಾಕ್ಟರು ಬಾಯಿ ತೆರೆದರೆ ನಿಮ್ಮ ಮಾತೇ. “ನನ್ನ ಮಗಳು ಕಟ್ಟಿದ ಹಲ್ಲು ಯಾವುದು, ಹುಟ್ಟಿದ ಹಲ್ಲು ಯಾವುದು ಅಂತ ನನಗೇ ಗೊತ್ತಾಗಲ್ಲ ಮೇಸ್ತ್ರಿ” ಎಂದು ಎಷ್ಟು ಸಲ ಹೇಳಿದ್ದಾರೋ! ಧೈರ್ಯವಾಗಿ ಕೈ ಹಾಕಿ.

ನಿಮ್ಮ ಕೈಗುಣದಲ್ಲಿ ನಂಬಿಕೆಯಿರುವ,
ಮೇಸ್ತ್ರಿ


ಫೆಬ್ರವರಿ 16

ಮೇಸ್ತ್ರಿಗಳೇ,

ಎಣ್ಣೆ ಬದಲಾಯಿತು. ‘ಟಕ್’ ಎಂಬ ಸದ್ದು ನಿಜಕ್ಕೂ ಬಂತು. ಯಾರೋ ಭುಜ ತಟ್ಟಿ “ಸಾಕು” ಎಂದ ಹಾಗೆ.

ಬಿಡಿಭಾಗದ ಅಂಗಡಿಯವರು ವಾಷರ್ ಕೊಡುತ್ತಾ ಹಿಂದೆ ಮುಂದೆ ನೋಡಿದರು. “ಮೆಕ್ಯಾನಿಕ್ ಎಲ್ಲಿ, ಹೊರಗಿದಾರಾ?” “ನಾನೇ.” “ಅಯ್ಯೋ, ಆ ಕಾರಿಗೆ ನೀವಾ! ಆಮೇಲೆ ಬಿಲ್ಲು ತಂದು ಅಳ್ಬೇಡಿ ಮತ್ತೆ.” ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, “ಕಾರಿನ ಕೆಳಗಿಂದ ಎರಡು ಕಾಲು ಕಂಡ್ವು. ನಿಮ್ಮಪ್ಪಾನೇ ಎದ್ದು ಬಂದ್ರೇನೋ ಅಂತ ನನ್ನ ಜೀವ ಬಾಯಿಗೆ ಬಂತು ಕಣೇ” ಎಂದರು. ಲ್ಯಾಬಿನ ಯಜಮಾನರಂತೂ ನನ್ನ ಉಗುರು ನೋಡಿ, “ಏನಮ್ಮಾ, ಹಲ್ಲಿಗೆ ಗ್ರೀಸ್ ಹಚ್ಚಿ ಕಳಿಸ್ತೀಯಾ ಇನ್ಮೇಲೆ?” ಎನ್ನುತ್ತಾರೆ. ನನ್ನನ್ನು ಈಗ ನೆಲಮಾಳಿಗೆಯ ಕೋಣೆಗೆ ಹಾಕಿದ್ದಾರೆ. ಅಲ್ಲಿ ನಾನೊಬ್ಬಳೇ, ಜೊತೆಗೆ ಮೇಣ ಕಾಯಿಸುವ ದೀಪ ಮತ್ತು ಪ್ಲಾಸ್ಟರಿನ ನಲವತ್ತು ಬಾಯಿಗಳು. ಎಲ್ಲವೂ ತೆರೆದೇ ಇರುತ್ತವೆ, ಒಂದೂ ಮಾತನಾಡುವುದಿಲ್ಲ.

ಬರೆಯಲು ತಡವಾದದ್ದು ಜ್ವರದಿಂದ. ಒಂಬತ್ತು ದಿನ ಮಲಗಿದ್ದೆ. ನೀರಿನ ಲೋಟ ಮಂಚದಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಎರಡು ಹೆಜ್ಜೆ ಎಂದರೆ ಎಷ್ಟು ದೂರ ಎಂಬುದು ಒಬ್ಬರೇ ಇರುವಾಗ ತಿಳಿಯುತ್ತದೆ.

ಅಪ್ಪ ಹೇಳಿದ್ದರೆಂದು ನೀವು ಬರೆದ ಆ ಸಾಲಿರುವ ಹಾಳೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅವರು ಇನ್ನೇನು ಹೇಳುತ್ತಿದ್ದರು?

ಡಾಕ್ಟರ ಮಗಳು


ಫೆಬ್ರವರಿ 27

ಡಾಕ್ಟರ ಮಗಳಿಗೆ ಮೇಸ್ತ್ರಿಯ ಅಭಿನಂದನೆ.

ಮೊದಲ ಪ್ರಯತ್ನದಲ್ಲೇ ಒಂದು ಹನಿಯೂ ಸೋರದಂತೆ ಮುಗಿಸಿದ್ದೀರಿ. ನನ್ನ ಕೈಕೆಳಗೆ ಕಲಿತ ಹುಡುಗ ಹುಡುಗಿಯರಲ್ಲಿ ಇದನ್ನು ಸಾಧಿಸಿದವರು ವಿರಳ. ಎಳೆಯ ಕೈಗಳಿಗೆ ಕೆಲಸ ಒಲಿಯುವುದನ್ನು ನೋಡುವ ಸಂತೋಷವೇ ಬೇರೆ.

ಮುಂದಿನದು ಬ್ರೇಕ್ ಎಣ್ಣೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಏಕೆಂದರೆ ಅದು ಗಾಳಿಯ ತೇವವನ್ನು ಕುಡಿಯುತ್ತದೆ. ತೇವ ಕುಡಿದ ಎಣ್ಣೆ ಕಾದಾಗ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು. ತೊಟ್ಟಿಯಿಂದ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬನ್ನಿ. ಪೆಡಲ್ ತುಳಿಯಲು ಒಬ್ಬರನ್ನು ಒಳಗೆ ಕೂರಿಸಿಕೊಳ್ಳಿ. ನೀವು ಚಕ್ರದ ಬಳಿ ಕುಳಿತು ‘ಒತ್ತಿ’ ಎಂದಾಗ ಅವರು ಒತ್ತಬೇಕು, ‘ಬಿಡಿ’ ಎಂದಾಗ ಬಿಡಬೇಕು. ತೊಟ್ಟಿ ಖಾಲಿಯಾಗದಂತೆ ಮೇಲಿಂದ ಸುರಿಯುತ್ತಿರಿ.

ಡಾಕ್ಟರು ಹೇಳುತ್ತಿದ್ದದ್ದನ್ನೆಲ್ಲ ಬರೆಯಲು ಹೊರಟರೆ ಈ ಕಾಗದ ಸಾಲದು. ಒಟ್ಟಿನಲ್ಲಿ ನಿಮ್ಮ ಬಗ್ಗೆ ಅವರಿಗೆ ಬಹಳ ಹೆಮ್ಮೆಯಿತ್ತು ಎಂದು ತಿಳಿಯಿರಿ.

ಮುಂದಿನ ವರದಿಗೆ ಕಾತರನಾಗಿರುವ,
ಮೇಸ್ತ್ರಿ


ಮಾರ್ಚ್ 22

ಮೇಸ್ತ್ರಿಗಳೇ,

ಪೆಡಲ್ ತುಳಿಯಲು ಒಬ್ಬರನ್ನು ಕೂರಿಸಿಕೊಳ್ಳಿ ಎಂದು ಎಷ್ಟು ಸುಲಭವಾಗಿ ಬರೆದಿರಿ! ಯಾರು ಎಂದು ಎರಡು ವಾರ ಯೋಚಿಸಿದೆ. ಅಜ್ಜಿಯನ್ನು ವಿಚಾರಿಸಿದೆ. “ಅದರೊಳಗೆ ಇಳಿದ್ರೆ ನನ್ನ ಎತ್ತೋಕೆ ಇನ್ನೊಂದು ಜಾಕ್ ಬೇಕಾಗುತ್ತೆ, ಸುಮ್ನಿರು” ಎಂದರು. ಕೊನೆಗೆ ಅಂಗಡಿಯವರೇ ಒಂದು ಬಾಟಲಿ ಕೊಟ್ಟರು. ಅದರ ಕೊಳವೆಯಲ್ಲಿ ಹೊರಗೆ ಹೋದ ಎಣ್ಣೆ ಹಿಂದಕ್ಕೆ ಬರದಂತೆ ತಡೆಯುವ ತುಣುಕೊಂದಿದೆ. ಒಂಟಿಯಾಗಿ ಕೆಲಸ ಮಾಡುವವರಿಗೆಂದೇ ತಯಾರಿಸಿದ್ದಂತೆ, ಬಹಳ ಮಾರಾಟವಾಗುತ್ತದಂತೆ. ಹತ್ತಿ ತುಳಿದು, ಇಳಿದು, ಚಕ್ರದ ಬಳಿ ಕುಳಿತು ನೋಡಿ, ಮತ್ತೆ ಹತ್ತಿ ತುಳಿದೆ. ನಾಲ್ಕು ಚಕ್ರ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಬಾಯಿಬಿಟ್ಟು ‘ಒತ್ತಿ’ ಎಂದೂ ನಾನೇ ಹೇಳಿಕೊಂಡೆ, ‘ಬಿಡಿ’ ಎಂದೂ ನಾನೇ.

ಈಗ ಒಂದು ಅನುಮಾನ. ಎಂಜಿನ್ ಶುರುಮಾಡಿದಾಗ ಸೀಟಿನ ಹಿಂದಿನಿಂದ ಒರಟಾದ ಗುರ್‌ಗುರ್ ಸದ್ದು ಬರುತ್ತದೆ. ತಣ್ಣಗಿದ್ದಾಗ ಹೆಚ್ಚು. ರೆಕಾರ್ಡ್ ಮಾಡಿ ನಿಮ್ಮ ಮಗಳ ಫೋನಿಗೆ ಕಳಿಸಿದ್ದೇನೆ. ನಿಮ್ಮ ಕಿವಿಗೆ ಅದು ಹೇಗನ್ನಿಸಿತು, ಬರೆಯಿರಿ. ನೀವು ಸರಿ ಎಂದರೆ ಅಪ್ಪ ಹೋಗುತ್ತಿದ್ದ ರಸ್ತೆಯಲ್ಲೇ ಒಮ್ಮೆ ಓಡಿಸುತ್ತೇನೆ.

ಡಾಕ್ಟರ ಮಗಳು


ಏಪ್ರಿಲ್ 2

ಡಾಕ್ಟರ ಮಗಳಿಗೆ,

ರೆಕಾರ್ಡಿಂಗನ್ನು ಮಗಳು ತಂದು ಕಿವಿಗೆ ಹಿಡಿದಳು. ಎಂಜಿನ್ ಸದ್ದು ಸರಿಯಾಗಿದೆ. ಬಹಳ ದಿನ ನಿಂತ ಕಾರು ಮೊದಮೊದಲು ಗೊಣಗುತ್ತದೆ, ಓಡುತ್ತಾ ಓಡುತ್ತಾ ಸುಮ್ಮನಾಗುತ್ತದೆ. ಒಂಟಿಯಾಗಿ ಬ್ರೇಕ್ ಕೆಲಸ ಮುಗಿಸಿದ ನಿಮಗೆ ಇನ್ನು ಭಯವೇಕೆ? ಧೈರ್ಯವಾಗಿ ಓಡಿಸಿ. ಬಂದು ನನಗೆ ಬರೆಯಿರಿ.

ಹಿರಿಹಿರಿ ಹಿಗ್ಗುತ್ತಿರುವ,
ಮೇಸ್ತ್ರಿ


ಏಪ್ರಿಲ್ 19

ಓಡಿಸಿದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಗುರ್‌ಗುರ್ ಹೋಗಿ ಕಿರುಚಲು ಶುರುವಾಯಿತು. ನೀವು ಸರಿ ಎಂದಿದ್ದಿರಿ. ನನ್ನ ಕಿವಿ ಅಲ್ಲ ಎನ್ನುತ್ತಿತ್ತು. ರಸ್ತೆಯ ಬದಿಗೆ ನಿಲ್ಲಿಸಿ ಎಷ್ಟೋ ಹೊತ್ತು ಸ್ಟೇರಿಂಗ್ ಹಿಡಿದು ಕುಳಿತೆ. ಕೊನೆಗೆ ನನ್ನ ಕಿವಿಯನ್ನೇ ನಂಬಿ, ಎಂಜಿನ್ ಮತ್ತೆ ಹಚ್ಚದೆ, ಬಾಡಿಗೆ ಲಾರಿಯ ಮೇಲೆ ಹೇರಿಸಿಕೊಂಡು ಬಂದೆ.

ಸೀಟಿನ ಹಿಂದಿನ ತಗಡು ಬಿಚ್ಚಿದೆ. ಟೈಮಿಂಗ್ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಒಳಗೆ ಮರಳು ಸುರಿದ ಹಾಗಿತ್ತು. ಹಲ್ಲಿನ ಮೇಲೆ ಕೂದಲೆಳೆಯಷ್ಟು ಉಬ್ಬಿದ್ದರೂ ಈ ಬೆರಳುಗಳಿಗೆ ತಿಳಿಯುತ್ತದೆ. ಅಂಗಡಿಯವರಿಗೆ ರೆಕಾರ್ಡಿಂಗ್ ಹಾಕಿ ಕೇಳಿಸಿದೆ. “ಇದನ್ನ ಸರಿ ಇದೆ ಅಂದವರು ಯಾರಮ್ಮ? ಬೇರಿಂಗ್ ಸತ್ತುಹೋಗಿದೆ. ಬೆಲ್ಟ್ ಒಂದು ಹಲ್ಲು ಜಾರಿದ್ರೆ ಎಂಜಿನ್ ಪೂರ್ತಿ ಪುಡಿ. ಕಿವುಡರಿಗೂ ಗೊತ್ತಾಗುತ್ತಲ್ಲ!”

ಆ ಮಾತಿನೊಂದಿಗೆ ಮನೆಗೆ ಬಂದು ನಿಮ್ಮ ಮಗಳಿಗೆ ಸಂದೇಶ ಕಳಿಸಿದೆ. ಉತ್ತರ ಬಂತು: “ಅಪ್ಪಂಗೆ ಕಿವಿ ಹೋಗಿ ನಾಲ್ಕು ವರ್ಷ ಆಯ್ತಲ್ಲಾ. ನಿಮಗೆ ಬರೆದಿಲ್ವಾ?”

ಅದಾದ ಮೇಲೆ ಜೇಬಿನಲ್ಲಿದ್ದ ಹಾಳೆಯನ್ನು ತೆಗೆದು ಮತ್ತೆ ಓದಿದೆ. ನೀವು ಆರು ವರ್ಷದಿಂದ ಅಪ್ಪನನ್ನು ನೋಡಿಲ್ಲ. ನಾನು ಹಲ್ಲಿನ ಕೆಲಸಕ್ಕೆ ಸೇರಿ ನಾಲ್ಕೇ ವರ್ಷ. ನಾನು ಕಟ್ಟಿದ ಹಲ್ಲಿನ ಮಾತನ್ನು ಅವರು ನಿಮಗೆ ಯಾವ ಭಾನುವಾರ ಹೇಳಿದರು?

ಕಾರಿನ ಸುಳ್ಳನ್ನು ಬೇರಿಂಗ್ ಹಿಡಿದುಕೊಟ್ಟಿತು. ಈ ಇನ್ನೊಂದನ್ನು ಸುಮಾರು ಮೂರು ತಿಂಗಳು ಎದೆಯ ಮೇಲೆ ಇಟ್ಟುಕೊಂಡು ಓಡಾಡಿದೆನಲ್ಲ. ನಿಜ ಬರೆಯುವುದಾದರೆ ಬರೆಯಿರಿ. ಇಲ್ಲದಿದ್ದರೆ ಬರೆಯುವುದೇ ಬೇಡ.


ಮೇ 3

ಡಾಕ್ಟರ ಮಗಳಿಗೆ,

ಬೆಲ್ಟ್ ಮತ್ತು ಬೇರಿಂಗ್ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಹಳೆಯ ಬೆಲ್ಟ್ ತೆಗೆಯುವ ಮುನ್ನ ಪ್ರತಿ ಚಕ್ರದ ಮೇಲೂ ಅದರ ಎದುರಿನ ಲೋಹದ ಮೇಲೂ ಬಿಳಿ ಬಣ್ಣದಿಂದ ಗೆರೆ ಎಳೆಯಿರಿ. ಹೊಸದನ್ನು ಹಾಕಿದ ಮೇಲೆ ಕೀ ಮುಟ್ಟಬೇಡಿ. ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಿಯಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಗೆರೆಗಳು ಮತ್ತೆ ಎದುರುಬದುರು ಬಂದರೆ ಮಾತ್ರ ಮುಂದಿನ ಹೆಜ್ಜೆ. ಚಿತ್ರಗಳನ್ನು ಬೇರೆ ಮೂರು ಹಾಳೆಗಳಲ್ಲಿ ಬರೆದಿದ್ದೇನೆ. ಇದರಲ್ಲಿ ಊಹೆಯಿಂದ ಬರೆದದ್ದು ಒಂದೂ ಇಲ್ಲ.

ಮೇಸ್ತ್ರಿ


ಜೂನ್ 30

ಡಾಕ್ಟರ ಮಗಳಿಗೆ,

ಎರಡು ತಿಂಗಳಿನಿಂದ ಪೋಸ್ಟಿನವನು ಗೇಟಿನಲ್ಲಿ ನಿಂತು ಇಲ್ಲ ಎಂದು ಕೈಯಾಡಿಸಿ ಹೋಗುತ್ತಿದ್ದಾನೆ. ನೀವು ವಿಧಿಸಿದ ಷರತ್ತನ್ನು ನಾನು ಪಾಲಿಸಲಿಲ್ಲ. ನಿಜ ಬರೆಯಲು ಧೈರ್ಯ ಸಾಲದೆ ಬೆಲ್ಟಿನ ಮರೆಯಲ್ಲಿ ಅಡಗಿಕೊಂಡೆ. ಈಗ ಬರೆಯುತ್ತೇನೆ.

ನನಗೆ ಏನೂ ಕೇಳಿಸುವುದಿಲ್ಲ. ನಲವತ್ತು ವರ್ಷ ಎಂಜಿನ್‌ಗಳ ನಡುವೆ ನಿಂತದ್ದರ ಫಲ. ಮಗಳು ಫೋನನ್ನು ತನ್ನ ಕಿವಿಗೆ ಹಿಡಿದು ಏನೋ ತುಟಿ ಆಡಿಸಿದಳು, ನಾನು ತಲೆಯಾಡಿಸಿದೆ. ಇಲ್ಲಿ ದಿನವಿಡೀ ನಾನು ಮಾಡುವ ಕೆಲಸ ಅದೇ. ಊಟದ ಮೇಜಿನಲ್ಲಿ ಎಲ್ಲರೂ ನಕ್ಕರೆ ನಾನೂ ನಗುತ್ತೇನೆ. ಒಮ್ಮೆ ಅಳಿಯ ಏನೋ ವಿಚಾರಿಸಿದ, ಹೂಂ ಎಂದೆ. ತಟ್ಟೆ ಎತ್ತಿಕೊಂಡು ಹೋದ. ಆ ದಿನ ಅರೆಹೊಟ್ಟೆಯಲ್ಲಿ ಎದ್ದೆ. ಅವರು ಒಳ್ಳೆಯವರು. ಪದೇ ಪದೇ ಹೇಳಿಸಿ ಅವರನ್ನು ದಣಿಸಲು ನನಗೇ ಮನಸ್ಸಿಲ್ಲ. ಹೀಗಿರುವಾಗ ‘ಮೇಸ್ತ್ರಿಗಳಿಗೆ’ ಎಂದು ಒಂದು ಲಕೋಟೆ ಬಂತು. ಸದ್ದಿನಿಂದಲೇ ರೋಗ ಹೇಳುತ್ತಿದ್ದ ಮನುಷ್ಯನಾಗಿ ಇನ್ನೊಮ್ಮೆ ಬದುಕುವ ಆಸೆಯಾಯಿತು. ನಿಮ್ಮನ್ನು ಹುರಿದುಂಬಿಸುತ್ತಿದ್ದೇನೆ ಎಂದುಕೊಂಡೆ. ನಿಮ್ಮ ಪ್ರಾಣವನ್ನು ಪಣಕ್ಕಿಟ್ಟು ನನ್ನನ್ನೇ ಹುರಿದುಂಬಿಸಿಕೊಳ್ಳುತ್ತಿದ್ದೆ.

ಇನ್ನು ಡಾಕ್ಟರ ವಿಷಯ. ಹದಿನಾಲ್ಕು ವರ್ಷದಲ್ಲಿ ಅವರು ನಿಮ್ಮ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಯಾರ ಬಗ್ಗೆಯೂ ಆಡಲಿಲ್ಲ. ನನಗೊಬ್ಬ ಮಗಳಿರುವುದು ಅವರಿಗೆ ತಿಳಿದಿತ್ತೋ ಇಲ್ಲವೋ. ‘ಬಂದ್ರಾ’, ‘ಸರಿ’, ‘ಆಯ್ತಾ’, ಈ ಮೂರರಲ್ಲಿ ಭಾನುವಾರ ಮುಗಿಯುತ್ತಿತ್ತು. ಕೆಲಸ ಎರಡು ಗಂಟೆಯದು. ಉಳಿದ ಹೊತ್ತು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದರು. ಒಂದು ಮಧ್ಯಾಹ್ನ ತಡೆಯಲಾರದೆ, “ಡಾಕ್ಟ್ರೇ, ಊಟದ ಹೊತ್ತಾಯ್ತು, ಮನೆಯೊಳಗೆ ಹೋಗಲ್ವಾ?” ಎಂದೆ. ಅವರು ಬಾಗಿಲಿನ ಕಡೆಗೆ ನೋಡಿ, “ಹೋಗಿ ಏನ್ ಮಾತಾಡ್ಲಿ?” ಎಂದರು. ಆ ಮೂರರಾಚೆ ನಾನು ಕೇಳಿಸಿಕೊಂಡ ಮಾತು ಅದೊಂದೇ.

ಆ ಬಾಗಿಲಿನೊಳಗೆ ಇದ್ದದ್ದು ಇಷ್ಟು. ಇದಕ್ಕಿಂತ ಚೆಂದವಾದದ್ದು ನನ್ನ ಬಳಿ ಇಲ್ಲ.

ಕ್ಷಮೆಗೆ ಅರ್ಹನೋ ಅಲ್ಲವೋ ತಿಳಿಯದ,
ಮೇಸ್ತ್ರಿ


ಆಗಸ್ಟ್ 11

ಮೇಸ್ತ್ರಿಗಳಿಗೆ,

ನಿಮ್ಮ ಪತ್ರವನ್ನು ಷೆಡ್ಡಿನ ಮೆಟ್ಟಿಲ ಮೇಲೆ ಕುಳಿತು ಓದಿದೆ. ಹಲವು ವಾರ ಉತ್ತರ ಬರೆಯಲಾಗಲಿಲ್ಲ. ಕೋಪದಿಂದಲ್ಲ.

ಬಾಗಿಲಿನ ಆಚೆ ಅಪ್ಪನಿಗೆ ಮಾತು ಬರುತ್ತದೆ, ನಗು ಬರುತ್ತದೆ, ನಾನು ಇರುವಲ್ಲಿ ಮಾತ್ರ ಅವು ಬತ್ತಿಹೋಗುತ್ತವೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನಿಮ್ಮ ಮೇಲೆ ಹೊಟ್ಟೆಕಿಚ್ಚೂ ಇತ್ತು. ಅಲ್ಲಿಯೂ ಅವರ ಬಳಿ ಮೂರೇ ಮಾತಿದ್ದವು ಎಂದು ನೀವು ಬರೆದಿರಿ. ಅಡುಗೆಮನೆಯಲ್ಲಿ ಎರಡು ತಟ್ಟೆ ಇಟ್ಟುಕೊಂಡು, ಅವರು ಒಳಗೆ ಬಂದರೆ ಏನು ಮಾತನಾಡಲಿ ಎಂದು ನಾನು ಹುಡುಕುತ್ತಿದ್ದಾಗ ಅವರು ಅಲ್ಲಿ ಅದನ್ನೇ ಹುಡುಕುತ್ತಾ ಸ್ಪ್ಯಾನರ್ ಒರೆಸುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಹಿತ್ತಲಿನ ಇಪ್ಪತ್ತು ಹೆಜ್ಜೆ. ಇದನ್ನು ತಿಳಿದು ಎಷ್ಟು ಅತ್ತೆನೋ, ಅಷ್ಟೇ ಹಗುರವಾಯಿತು.

ಬೆಲ್ಟ್ ಹಾಕಿದೆ. ಗೆರೆಗಳು ಎದುರುಬದುರು ಬಂದವು. ಕಾರು ಓಡುತ್ತದೆ, ಸದ್ದು ಸರಿಯಾಗಿದೆ ಎಂದು ನಾನು ಹೇಳುತ್ತಿದ್ದೇನೆ. ಇನ್ನು ಅದರ ಕೆಲಸಕ್ಕೆ ನನಗೆ ಪತ್ರ ಬೇಕಿಲ್ಲ.

ಒಂದು ಮಾತು ಹೇಳಬೇಕು, ಬೇಸರಿಸಬೇಡಿ. ಒಂಬತ್ತು ದಿನ ಜ್ವರ ಎಂದು ನಾನು ಬರೆದೆ. ನೀವು ಬ್ರೇಕ್ ಎಣ್ಣೆಯ ಬಗ್ಗೆ ಬರೆದಿರಿ. ಪೆಡಲ್ ತುಳಿಯಲು ಯಾರೂ ಇಲ್ಲ ಎಂದೆ. ನೀವು ಶಹಬ್ಬಾಸ್ ಎಂದಿರಿ. ನಾನೂ ಏನು ಕಡಿಮೆಯಲ್ಲ. ನೀವು ಊಟ ಮಾಡಿದಿರಾ ಎಂದು ಒಂದು ಸಾಲು ಬರೆದವಳಲ್ಲ. ಅಪ್ಪ ಮಾಡಿದ್ದನ್ನೇ ನಾವು ಇಬ್ಬರೂ ಮಾಡಿದ್ದೇವೆ. ಕಾರನ್ನು ಎತ್ತಿ ಮಧ್ಯೆ ನಿಲ್ಲಿಸಿ, ಅದರ ಎರಡೂ ಕಡೆಯಿಂದ ಒರೆಸುತ್ತಾ ಕುಳಿತಿದ್ದೇವೆ. ನಿಮಗೆ ನನ್ನಲ್ಲಿ ವಿಚಾರಿಸಬೇಕೆನ್ನಿಸುವುದು ಏನಾದರೂ ಇದ್ದರೆ ಬರೆಯಿರಿ. ಕಾರು ಬೇಡ.


ಆಗಸ್ಟ್ 26

ಹಲ್ಲು ಕಟ್ಟುವ ಮಗಳಿಗೆ,

ಐದು ದಿನದಿಂದ ಈ ಹಾಳೆಯನ್ನು ಮುಂದಿಟ್ಟುಕೊಂಡಿದ್ದೇನೆ. ಎಂಜಿನ್ ಬಿಚ್ಚಿ ಹರಡಿದರೆ ಯಾವ ಬೋಲ್ಟ್ ಎಲ್ಲಿಯದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಒಬ್ಬ ವ್ಯಕ್ತಿಯನ್ನು ಎಲ್ಲಿಂದ ವಿಚಾರಿಸಲು ಶುರುಮಾಡಬೇಕು ಎಂಬುದು ಈ ವಯಸ್ಸಿನಲ್ಲಿ ತಿಳಿಯದೆ ಒದ್ದಾಡಿದೆ. ಮಗಳು ಬಂದು ನನ್ನ ಭುಜ ಮುಟ್ಟಿ, ಪತ್ರಿಕೆಯ ಅಂಚಿನಲ್ಲಿ “ಯಾರಿಗಪ್ಪಾ ಇಷ್ಟು ಯೋಚ್ನೆ?” ಎಂದು ಬರೆದಳು. ನಾಲ್ಕು ವರ್ಷದಲ್ಲಿ ಅವಳು ನನಗೆ ಬರೆದ ಮೊದಲ ಸಾಲು ಅದು. ಅದರ ಕೆಳಗೆ ನಾನು ಉತ್ತರ ಬರೆದೆ. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಪತ್ರಿಕೆಯ ಅಂಚು ತುಂಬಿತು.

ಇಗೋ ನನ್ನ ಪ್ರಶ್ನೆಗಳು. ಒರಟಾಗಿವೆ, ಕೈಗೆ ಅಭ್ಯಾಸವಿಲ್ಲ.

ನಿಮ್ಮ ನೆಲಮಾಳಿಗೆಯ ಕೋಣೆಗೆ ಬಿಸಿಲು ಬೀಳುತ್ತದೆಯೇ? ನಿಮ್ಮ ತಾಯಿಯ ಮುಖ ನಿಮಗೆ ಎಷ್ಟು ನೆನಪಿದೆ? ಕಡೆಯ ಸಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಯಾವಾಗ, ಯಾತಕ್ಕೆ? ಹುಷಾರಿಲ್ಲದಾಗ ಯಾರಿಗಾದರೂ ತಿಳಿಸಬೇಕೆಂದು ಅನ್ನಿಸುವುದಿಲ್ಲವೇ, ಅನ್ನಿಸಿದರೆ ಮೊದಲು ಮನಸ್ಸಿಗೆ ಬರುವವರು ಯಾರು?

ಇನ್ನೊಂದನ್ನು ಬರೆದು ಎರಡು ಸಲ ಹೊಡೆದುಹಾಕಿದೆ. ಇರಲಿ, ನಾನೇ ಮೊದಲು ಉತ್ತರ ಕೊಟ್ಟು ಅದನ್ನೂ ಹಾಕಿಬಿಡುತ್ತೇನೆ. ಬೆಳಗ್ಗೆ ಎದ್ದ ಮೇಲೆ, ಯಾರಾದರೂ ಒಬ್ಬರೊಡನೆ ಮೊದಲ ಮಾತು ಆಡುವಷ್ಟರಲ್ಲಿ, ನನಗೆ ಹೆಚ್ಚೂಕಡಿಮೆ ಮಧ್ಯಾಹ್ನವಾಗಿರುತ್ತದೆ. ನಿಮಗೆ ಎಷ್ಟು ಗಂಟೆಯಾಗುತ್ತದೆ?